ಬೆಳಕಿಗೆ ಎಚ್ಚರಗೊಳ್ಳುವ ಲೇಪನ: ಟೈಟಾನಿಯಂ ಇಂಪ್ಲಾಂಟಿನ ಮೇಲೆ ಬ್ಯಾಕ್ಟೀರಿಯಾ ನಿರೋಧಕ ಪದರವನ್ನು ಕೂರಿಸಿ ಪರೀಕ್ಷಿಸುವ ಕ್ರಮ

ಮೂಳೆಯಲ್ಲಿ ಕೂರಿಸಿದ ಇಂಪ್ಲಾಂಟಿನ ಮೇಲೆ ಬ್ಯಾಕ್ಟೀರಿಯಾ ಒಮ್ಮೆ ನೆಲೆಯೂರಿ, ತನ್ನ ಸುತ್ತ ಅಂಟಂಟಾದ ಪೊರೆಯನ್ನು ಕಟ್ಟಿಕೊಂಡಿತೆಂದರೆ, ಪ್ರತಿಜೀವಕ ಔಷಧಗಳಿಂದ ಅದನ್ನು ತೆರವುಗೊಳಿಸುವುದು ಬಹಳ ಕಷ್ಟ. ಅನೇಕ ರೋಗಿಗಳಲ್ಲಿ ಇಂಪ್ಲಾಂಟನ್ನೇ ತೆಗೆದು, ಸೋಂಕು ಹೋದ ಮೇಲೆ ಮತ್ತೊಂದು ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಅಮೆರಿಕದ ಮೂಳೆ ಶಸ್ತ್ರವೈದ್ಯ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟದ ಪಂದ್ಯವೆಂದು ವಿವರಿಸಿದರು. ದೇಹದ ಜೀವಕೋಶಗಳು ಮೊದಲು ತಲುಪಿದರೆ ಇಂಪ್ಲಾಂಟ್ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಮೊದಲು ತಲುಪಿದರೆ ಸೋಂಕು ಬೇರೂರುತ್ತದೆ. ಈ ಪಂದ್ಯದಲ್ಲಿ ಜೀವಕೋಶಗಳ ಪರವಾಗಿ ನಿಲ್ಲುವ ಹಲವು ಲೇಪನಗಳಲ್ಲಿ ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಟೈಟಾನಿಯಂ ಡೈಆಕ್ಸೈಡ್ ಲೇಪನವೂ ಒಂದು. ಅದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಿಸಿ, ಅದು ನಿಜಕ್ಕೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ಪ್ರಾಮಾಣಿಕವಾಗಿ ಪರೀಕ್ಷಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದು ಜೈವಿಕ ವಸ್ತುಗಳ ಅಧ್ಯಯನ ಮಾಡುವ ವಿದ್ಯಾರ್ಥಿಗಳಿಗೆ ಮತ್ತು ದಂತವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬರೆದದ್ದು. ಹೀಗೆ ತಯಾರಾದ ಬಿಲ್ಲೆ ಪ್ರಯೋಗದ ಮಾದರಿ ಮಾತ್ರ. ಅದು ರೋಗಿಯ ದೇಹಕ್ಕೆ ಹೋಗುವ ವಸ್ತುವಲ್ಲ.

ಮೊದಲು ಬೆಳಕಿನ ದಾರಿಯನ್ನು ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ಲೇಪನದ ರಸಾಯನದಿಂದ ಕೆಲಸ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಕ್ರಮ. ಯಾವ ಸಾಧನಕ್ಕೆ ಲೇಪನ ಮಾಡುತ್ತಿದ್ದೀರಿ, ಆ ಸಾಧನದ ಯಾವ ಭಾಗಕ್ಕೆ ಯಾವ ಬಣ್ಣದ ಬೆಳಕು ತಲುಪಬಲ್ಲದು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ಸೀಸೆಗಳ ಮುಚ್ಚಳ ತೆಗೆಯಬೇಕು.

ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಹರಳಿನ ರೂಪದಲ್ಲಿ ಎಲೆಕ್ಟ್ರಾನನ್ನು ಅದರ ನೆಲೆಯಿಂದ ಮೇಲಕ್ಕೆತ್ತಲು ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಶಕ್ತಿಯನ್ನು ತರಂಗದೂರಕ್ಕೆ ಬದಲಿಸುವ ಸ್ಥಿರಾಂಕವಾದ 1240ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸುಮಾರು 387 ನ್ಯಾನೋಮೀಟರ್ ಬರುತ್ತದೆ. ಅಂದರೆ ಅದಕ್ಕಿಂತ ಕಡಿಮೆ ತರಂಗದೂರದ ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಲೇಪನ ಎಚ್ಚರಗೊಳ್ಳುತ್ತದೆ. ಹಾಗೆ ಎದ್ದ ಎಲೆಕ್ಟ್ರಾನು ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡನ್ನು, ಅದು ಬಿಟ್ಟುಹೋದ ಖಾಲಿ ಜಾಗವು ನೀರಿನಿಂದ ಹೈಡ್ರಾಕ್ಸಿಲ್ ರ್ಯಾಡಿಕಲ್ಲನ್ನು ಹುಟ್ಟಿಸುತ್ತವೆ. ಸಿಕ್ಕಿದ್ದರೊಡನೆಲ್ಲ ಥಟ್ಟನೆ ವರ್ತಿಸುವ ಈ ಚುರುಕು ಕಣಗಳು ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬನ್ನು ಆಕ್ಸಿಡೀಕರಿಸಿ ಅದನ್ನು ಒಡೆಯುತ್ತವೆ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಈ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದ ವರದಿಯನ್ನು ಪ್ರಕಟಿಸಿದ್ದು 1972ರಲ್ಲಿ. ಅದೇ ದೇಶದ ಮತ್ಸುನಾಗಾ ಮತ್ತು ಸಂಗಡಿಗರು ಇಂಥದೇ ಪುಡಿಯಿಂದ ಸೂಕ್ಷ್ಮಜೀವಿಗಳನ್ನು ಕೊಂದು ತೋರಿಸಿದ್ದು 1985ರಲ್ಲಿ.

ಹೈಡ್ರಾಕ್ಸಿಲ್ ರ್ಯಾಡಿಕಲ್ಲಿನ ಆಯುಸ್ಸು ಅತ್ಯಲ್ಪ. ಅದು ಹುಟ್ಟಿದ ಜಾಗದಿಂದ ಕೆಲವು ನ್ಯಾನೋಮೀಟರ್ ಆಚೆಗೂ ಹೋಗಲಾರದು. ಆದ್ದರಿಂದ ಈ ಲೇಪನ ಬೆಳ್ಳಿಯ ಲೇಪನದಂತೆ ಸುತ್ತಲಿನ ದ್ರವಕ್ಕೆ ಔಷಧವನ್ನು ಬಿಡುತ್ತಾ ಹೋಗುವುದಿಲ್ಲ, ತನ್ನನ್ನು ಮುಟ್ಟಿದ್ದನ್ನು ಮಾತ್ರ ಕೊಲ್ಲುತ್ತದೆ. ಇದು ಅದರ ಗುಣವೂ ಹೌದು, ಮಿತಿಯೂ ಹೌದು.

ಇನ್ನು ಬೆಳಕಿನ ದಾರಿ. ನೇರಳಾತೀತ ಬೆಳಕು ಚರ್ಮದಲ್ಲಿ ಒಂದು ಮಿಲಿಮೀಟರ್ ಕೂಡ ಪೂರ್ತಿಯಾಗಿ ಇಳಿಯುವುದಿಲ್ಲ. ಹಾಗಾಗಿ ಸೊಂಟದ ಕೀಲಿನ ಕಾಂಡಕ್ಕೆ ಈ ಲೇಪನ ಮಾಡಿ, ಶಸ್ತ್ರಚಿಕಿತ್ಸೆಯ ನಂತರ ಹೊರಗಿನಿಂದ ಬೆಳಕು ಬಿಡುತ್ತೇವೆ ಎನ್ನುವುದರಲ್ಲಿ ಅರ್ಥವಿಲ್ಲ. ಹಲ್ಲಿನ ಇಂಪ್ಲಾಂಟಿನಲ್ಲಿ ಒಸಡನ್ನು ದಾಟಿ ಬಾಯಿಯೊಳಕ್ಕೆ ಚಾಚಿರುವ ಭಾಗ, ಮುರಿದ ಮೂಳೆಯನ್ನು ಹೊರಗಿನ ಚೌಕಟ್ಟಿಗೆ ಬಿಗಿಯುವ ಸರಳುಗಳು ಚರ್ಮದಿಂದ ಹೊರಬರುವ ಜಾಗ, ಇಂಥಲ್ಲಿ ಬೆಳಕು ನೇರವಾಗಿ ತಲುಪುತ್ತದೆ ಮತ್ತು ಸೋಂಕು ಒಳಗಿಳಿಯುವ ಬಾಗಿಲೂ ಅದೇ ಆಗಿರುತ್ತದೆ. ಇಂಪ್ಲಾಂಟನ್ನು ಕೂರಿಸುವುದಕ್ಕೆ ಸ್ವಲ್ಪ ಮುಂಚೆ ನೇರಳಾತೀತ ಬೆಳಕಿನಲ್ಲಿ ಇಟ್ಟು ಮೇಲ್ಮೈಯನ್ನು ಶುಚಿಗೊಳಿಸುವ ವಿಧಾನವೂ ಇದೆ. ಅಲ್ಲಿ ಬೆಳಕಿನ ಕೆಲಸವೆಲ್ಲ ದೇಹದ ಹೊರಗೇ ಮುಗಿಯುತ್ತದೆ.

ದಂತವೈದ್ಯರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಲ್ಲಿನ ಫಿಲ್ಲಿಂಗನ್ನು ಗಟ್ಟಿ ಮಾಡಲು ಬಳಸುವ ಲೈಟ್ ಕ್ಯೂರ್ ಸಾಧನದ ನೀಲಿ ಬೆಳಕು ಮುಖ್ಯವಾಗಿ 470 ನ್ಯಾನೋಮೀಟರಿನ ಆಸುಪಾಸಿನದು. ಶುದ್ಧ ಅನಟೇಸ್ ಅದನ್ನು ಹೀರಿಕೊಳ್ಳುವುದೇ ಇಲ್ಲ. ಆ ಬೆಳಕನ್ನೇ ಬಳಸಬೇಕೆಂದಿದ್ದರೆ ನೈಟ್ರೋಜನ್ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಬೇಕಾಗುತ್ತದೆ, ಅದರ ತಯಾರಿಕೆಯ ದಾರಿಯೇ ಬೇರೆ.

ಬಿಲ್ಲೆಯನ್ನು ಸಿದ್ಧಪಡಿಸುವುದು

15 ಮಿಲಿಮೀಟರ್ ವ್ಯಾಸದ, 1ರಿಂದ 2 ಮಿಲಿಮೀಟರ್ ದಪ್ಪದ ಗ್ರೇಡ್ 2 ಟೈಟಾನಿಯಂ ಬಿಲ್ಲೆಗಳನ್ನು ಕತ್ತರಿಸಿಕೊಳ್ಳಿ. 400, 800, 1200 ಸಂಖ್ಯೆಯ ಸಿಲಿಕಾನ್ ಕಾರ್ಬೈಡ್ ಕಾಗದಗಳಲ್ಲಿ ಇದೇ ಅನುಕ್ರಮದಲ್ಲಿ, ನೀರು ಬಿಡುತ್ತಾ ಉಜ್ಜಿ. ಒಂದು ಕಾಗದದಿಂದ ಮುಂದಿನದಕ್ಕೆ ಹೋಗುವಾಗ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಹಿಡಿದರೆ, ಹಿಂದಿನ ಗೀರುಗಳೆಲ್ಲ ಹೋದವೇ ಎಂಬುದು ಕಣ್ಣಿಗೇ ತಿಳಿಯುತ್ತದೆ. ನಂತರ ಅಸಿಟೋನ್, ಎಥನಾಲ್, ಅಯಾನುರಹಿತ ನೀರು, ಇವುಗಳಲ್ಲಿ ತಲಾ 15 ನಿಮಿಷ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಒಣಗಿಸಿ. ಇಲ್ಲಿಂದ ಮುಂದೆ ಬಿಲ್ಲೆಯನ್ನು ಕೈಯಿಂದ ಮುಟ್ಟಬಾರದು, ಚಿಮಟದಿಂದ ಅಂಚನ್ನು ಮಾತ್ರ ಹಿಡಿಯಬೇಕು. ಬೆರಳಿನ ಎಣ್ಣೆಯ ಗುರುತು ಲೇಪನದ ಅಡಿಯಲ್ಲಿ ಉಳಿದು, ಕುಲುಮೆಯಿಂದ ಹೊರಬಂದಾಗ ಕಲೆಯಾಗಿ ಕಾಣುತ್ತದೆ.

ಒಂದು ಪ್ರಯೋಗಕ್ಕೆ ಲೇಪನವಿರುವ ಮತ್ತು ಲೇಪನವಿಲ್ಲದ ಬಿಲ್ಲೆಗಳು ಒಂದೇ ಸಂಖ್ಯೆಯಲ್ಲಿ ಬೇಕು. ಬರಿಯ ಬಿಲ್ಲೆಗಳನ್ನೂ ಇದೇ ರೀತಿ ಉಜ್ಜಿ ತೊಳೆಯಬೇಕು.

ದ್ರಾವಣ ಮತ್ತು ಲೇಪನ

ಒಣ ಎಥನಾಲ್ 45 ಮಿಲಿಲೀಟರ್ ತೆಗೆದುಕೊಂಡು, ಅದಕ್ಕೆ 1.7 ಮಿಲಿಲೀಟರ್ ಅಸಿಟೈಲ್‌ಅಸಿಟೋನ್ ಸೇರಿಸಿ, ಕಲಕುತ್ತಲೇ 5 ಮಿಲಿಲೀಟರ್ ಟೈಟಾನಿಯಂ ಟೆಟ್ರಾಐಸೋಪ್ರೊಪಾಕ್ಸೈಡನ್ನು ಹನಿಹನಿಯಾಗಿ ಬಿಡಿ. ಈ ಅಳತೆಯಲ್ಲಿ ಎರಡನೆಯದರ ಮತ್ತು ಮೂರನೆಯದರ ಅಣುಗಳ ಸಂಖ್ಯೆ ಹೆಚ್ಚುಕಡಿಮೆ ಸಮ ಇರುತ್ತದೆ. ಟೆಟ್ರಾಐಸೋಪ್ರೊಪಾಕ್ಸೈಡ್ ನೀರನ್ನು ಕಂಡರೆ ಕ್ಷಣದಲ್ಲಿ ಬಿಳಿ ಗಸಿಯಾಗುವ ವಸ್ತು. ಅಸಿಟೈಲ್‌ಅಸಿಟೋನ್ ಟೈಟಾನಿಯಂ ಪರಮಾಣುವನ್ನು ಹಿಡಿದುಕೊಂಡು ಈ ಆತುರವನ್ನು ತಡೆಯುತ್ತದೆ. ಎಲ್ಲ ಸರಿಯಾಗಿದ್ದರೆ ದ್ರಾವಣ ತಿಳಿಯಾದ ಹಳದಿ ಬಣ್ಣಕ್ಕೆ ತಿರುಗುತ್ತದೆ. ಒಡೆದ ಹಾಲಿನಂತೆ ಬಿಳಿ ಕಣಗಳು ಕಂಡರೆ ಗಾಜಿನ ಪಾತ್ರೆಯಲ್ಲೋ ಎಥನಾಲಿನಲ್ಲೋ ನೀರಿತ್ತು ಎಂದರ್ಥ. ಅದನ್ನು ಸೋಸಿ ಬಳಸುವ ಆಸೆಗೆ ಬೀಳದೆ ಹೊಸದಾಗಿ ತಯಾರಿಸಿ. ಅರ್ಧ ಗಂಟೆ ಕಲಕಿದ ಮೇಲೆ 0.3 ಮಿಲಿಲೀಟರ್ ನೀರನ್ನು 2 ಮಿಲಿಲೀಟರ್ ಎಥನಾಲಿನಲ್ಲಿ ಬೆರೆಸಿ ನಿಧಾನವಾಗಿ ಸೇರಿಸಿ, ಮುಚ್ಚಿಟ್ಟು, ಒಂದು ರಾತ್ರಿ ಬಿಡಿ. ಈ ಕೆಲಸವೆಲ್ಲ ಹೊಗೆ ಎಳೆಯುವ ಫ್ಯೂಮ್ ಹುಡ್ ಒಳಗೆ, ಬೆಂಕಿಯಿಂದ ದೂರ ನಡೆಯಬೇಕು.

ಬಿಲ್ಲೆಯನ್ನು ದ್ರಾವಣದಲ್ಲಿ ಮುಳುಗಿಸಿ, ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ, ಎಲ್ಲಿಯೂ ತಡೆಯದೆ ಮೇಲಕ್ಕೆ ಎಳೆಯಿರಿ. ವೇಗ ಹೆಚ್ಚಿದಷ್ಟೂ ಪದರ ದಪ್ಪವಾಗುತ್ತದೆ. ದಪ್ಪ ಪದರ ಕುಲುಮೆಯಲ್ಲಿ ಬತ್ತಿದ ಕೆರೆಯ ಮಣ್ಣಿನಂತೆ ಬಿರಿಯುತ್ತದೆ. ಆದ್ದರಿಂದ ಒಂದೇ ಸಲ ದಪ್ಪ ಲೇಪಿಸುವ ಬದಲು ಮೂರು ತೆಳು ಪದರಗಳನ್ನು ಕೂರಿಸಿ, ಪ್ರತಿ ಪದರದ ನಂತರ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಒಣಗಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯ ಊರುಗಳಲ್ಲಿ, ಗಾಳಿಯ ತೇವದಿಂದ ಪದರ ಮಸುಕಾಗುತ್ತದೆ. ಅಂಥ ದಿನಗಳಲ್ಲಿ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯೊಳಗೆ ಲೇಪಿಸುವುದು ಕ್ಷೇಮ.

ಕೊನೆಯಲ್ಲಿ ಮಫಲ್ ಕುಲುಮೆಯಲ್ಲಿ ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸಿ 450 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಾಗಿಲು ತೆರೆಯದೆ ತಣಿಯಲು ಬಿಡಿ. ಕಾಯಿಸದ ಪದರಕ್ಕೆ ಹರಳಿನ ರಚನೆ ಇರುವುದಿಲ್ಲ, ಬೆಳಕಿಗೆ ಅದು ಹೆಚ್ಚೇನೂ ಸ್ಪಂದಿಸುವುದಿಲ್ಲ. ತೀರ ಹೆಚ್ಚು ಕಾಯಿಸಿದರೆ ಅನಟೇಸ್ ರೂಟೈಲ್ ಎಂಬ ಮತ್ತೊಂದು ಹರಳಿನ ರೂಪಕ್ಕೆ ಬದಲಾಗುತ್ತದೆ. ಹೊರಬಂದ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ರಸ್ತೆಯ ಮೇಲೆ ಬಿದ್ದ ಎಣ್ಣೆಯಲ್ಲಿ ಕಾಣುವಂತೆ, ಪದರದ ದಪ್ಪಕ್ಕೆ ತಕ್ಕ ಹೊಂಬಣ್ಣವೋ ನೇರಳೆಯೋ ನೀಲಿಯೋ ಕಾಣುತ್ತದೆ. ಬಣ್ಣ ಒಂದೇ ಸಮನಾಗಿದ್ದರೆ ದಪ್ಪವೂ ಸಮನಾಗಿದೆ. ಕೆಳ ಅಂಚಿನಲ್ಲಿ ಬಣ್ಣದ ಪಟ್ಟೆಗಳಿದ್ದರೆ ಅಲ್ಲಿ ದ್ರಾವಣ ಇಳಿದು ನಿಂತಿತ್ತು. ಆ ಭಾಗದಿಂದ ಬ್ಯಾಕ್ಟೀರಿಯಾ ಎಣಿಕೆ ತೆಗೆದುಕೊಳ್ಳಬೇಡಿ.

ಬ್ಯಾಕ್ಟೀರಿಯಾಕ್ಕೆ ಮುಂಚೆ ಮೂರು ಪರೀಕ್ಷೆಗಳು

ಮೊದಲನೆಯದು ಹರಳಿನ ರೂಪವನ್ನು ಗುರುತಿಸುವ ಎಕ್ಸ್‌-ರೇ ವಿವರ್ತನೆ. ಅದರಲ್ಲಿ 25.3 ಡಿಗ್ರಿಯ ಬಳಿ ಶಿಖರ ಕಂಡರೆ ಅನಟೇಸ್, 27.4ರ ಬಳಿ ಕಂಡರೆ ರೂಟೈಲ್. ಪದರ ತೆಳುವಾದ್ದರಿಂದ ಕಿರಣವನ್ನು ಮೇಲ್ಮೈಗೆ ಬಹುತೇಕ ತಾಗಿಕೊಂಡು ಹೋಗುವಂತೆ ಓರೆಯಾಗಿ ಬಿಡಲು ಹೇಳಿ. ಇಲ್ಲದಿದ್ದರೆ ಅಡಿಯ ಟೈಟಾನಿಯಂ ಲೋಹದ ಶಿಖರಗಳೇ ತುಂಬಿಕೊಳ್ಳುತ್ತವೆ. ಎರಡನೆಯದು ಅಂಟುಪಟ್ಟಿಯ ಪರೀಕ್ಷೆ. ಪಟ್ಟಿಯನ್ನು ಒತ್ತಿ ಕಿತ್ತಾಗ ಪದರ ಏಳಬಾರದು.

ಮೂರನೆಯದು ನೀರಿನ ಹನಿಯ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಆದರೂ ನನಗೆ ಇದೇ ಅತ್ಯಂತ ಇಷ್ಟ. ಕೆಲವು ದಿನ ಗಾಳಿಗೆ ತೆರೆದಿಟ್ಟ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟರೆ, ಕೆಸುವಿನ ಎಲೆಯ ಮೇಲಿನಷ್ಟು ದುಂಡಗಲ್ಲದಿದ್ದರೂ, ಅದು ಗುಂಡಿಯಂತೆ ಉಬ್ಬಿ ನಿಲ್ಲುತ್ತದೆ. ಅದೇ ಬಿಲ್ಲೆಯನ್ನು 365 ನ್ಯಾನೋಮೀಟರಿನ ದೀಪದಡಿ ಕೆಲವು ಗಂಟೆ ಇಟ್ಟು ಮತ್ತೆ ಹನಿ ಬಿಟ್ಟರೆ, ಕಾವಲಿಯ ಮೇಲೆ ಹುಯ್ದ ನೀರುದೋಸೆ ಹಿಟ್ಟಿನಂತೆ ಅಂಚಿನವರೆಗೆ ಹರಡಿಕೊಳ್ಳುತ್ತದೆ. ಗಾಳಿಯಿಂದ ಬಂದು ಕೂತ ಸಾವಯವ ಕೊಳೆ ಸುಟ್ಟುಹೋಗಿ, ಮೇಲ್ಮೈ ನೀರಿಗೆ ಒಲಿದಿದೆ ಎಂಬುದರ ಗುರುತು ಇದು. ಹನಿ ಹರಡದಿದ್ದರೆ ಲೇಪನ ಬೆಳಕಿಗೆ ಸ್ಪಂದಿಸುತ್ತಿಲ್ಲ. ಬ್ಯಾಕ್ಟೀರಿಯಾದ ಪರೀಕ್ಷೆಗೆ ಹೋಗಿ ಒಂದು ವಾರ ಕಳೆಯುವುದಕ್ಕಿಂತ ಇಲ್ಲೇ ನಿಂತು ಕುಲುಮೆಯ ತಾಪಮಾನವನ್ನು ಪರಿಶೀಲಿಸುವುದು ಒಳ್ಳೆಯದು.

ನಾಲ್ಕು ಗುಂಪುಗಳ ಪರೀಕ್ಷೆ

ಈ ಬರಹದಲ್ಲಿ ಬೇರೆ ಯಾವುದನ್ನು ಬಿಟ್ಟರೂ ಈ ಭಾಗವನ್ನು ಬಿಡಬೇಡಿ. ನಮ್ಮ ಮೊದಲ ಪ್ರಯೋಗದಲ್ಲಿ ನಾವು ದೀಪದಡಿ ಇಟ್ಟ ಲೇಪಿತ ಬಿಲ್ಲೆಯನ್ನು, ಕತ್ತಲಲ್ಲಿ ಇಟ್ಟ ಬರಿಯ ಬಿಲ್ಲೆಯೊಡನೆ ಹೋಲಿಸಿದೆವು. ದೀಪದಡಿಯ ತಟ್ಟೆಯಲ್ಲಿ ಒಂದೂ ಕಾಲನಿ, ಅಂದರೆ ಬದುಕುಳಿದ ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ, ಇರಲಿಲ್ಲ. ಎರಡು ದಿನ ಬಹಳ ಸಂತೋಷದಲ್ಲಿದ್ದೆವು. ಮೂರನೆಯ ದಿನ ಬರಿಯ ಬಿಲ್ಲೆಯನ್ನೂ ದೀಪದಡಿ ಇಟ್ಟು ನೋಡಿದಾಗ ಅಲ್ಲಿಯೂ ಒಂದು ಕಾಲನಿ ಬರಲಿಲ್ಲ. ದೀಪದ ಶಾಖಕ್ಕೆ ಹನಿ ಒಣಗಿ ಬ್ಯಾಕ್ಟೀರಿಯಾ ಸತ್ತಿತ್ತು. ಲೇಪನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಆದ್ದರಿಂದ ಪ್ರತಿ ಪ್ರಯೋಗದಲ್ಲಿ ನಾಲ್ಕು ಗುಂಪುಗಳು ಇರಲೇಬೇಕು: ಲೇಪನ ಮತ್ತು ಬೆಳಕು, ಲೇಪನ ಮತ್ತು ಕತ್ತಲೆ, ಬರಿಯ ಲೋಹ ಮತ್ತು ಬೆಳಕು, ಬರಿಯ ಲೋಹ ಮತ್ತು ಕತ್ತಲೆ. ಪ್ರತಿ ಗುಂಪಿಗೆ ಕನಿಷ್ಠ ಮೂರು ಬಿಲ್ಲೆಗಳು, ಮತ್ತು ಇಡೀ ಪ್ರಯೋಗ ಬೇರೆಬೇರೆ ದಿನಗಳಲ್ಲಿ ಮೂರು ಸಲ. ದ್ಯುತಿ ಕ್ರಿಯಾವರ್ಧಕಗಳ, ಅಂದರೆ ಬೆಳಕಿನಿಂದ ಕೆಲಸ ಮಾಡುವ ಇಂಥ ವಸ್ತುಗಳ, ಬ್ಯಾಕ್ಟೀರಿಯಾ ನಿರೋಧಕ ಗುಣವನ್ನು ಅಳೆಯುವ ಐಎಸ್‌ಒ 27447 ಮಾನದಂಡವೂ ಬೆಳಕಿನ ಮತ್ತು ಕತ್ತಲೆಯ ಫಲಿತಾಂಶಗಳನ್ನು ಬೇರ್ಪಡಿಸಿಯೇ ಲೆಕ್ಕ ಹಾಕುತ್ತದೆ. ಆ ಮಾನದಂಡದಲ್ಲಿ ಮಾದರಿಯ ಅಳತೆ ದೊಡ್ಡದು. ಕೆಳಗಿನ ಕ್ರಮ ಅದರ ತತ್ವವನ್ನು ಚಿಕ್ಕ ಬಿಲ್ಲೆಗೆ ಹೊಂದಿಸಿಕೊಂಡದ್ದು.

ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ 37 ಡಿಗ್ರಿಯಲ್ಲಿ ಬೆಳೆಸಿ, ತೊಳೆದು, ಪೋಷಕಾಂಶಗಳನ್ನು ಬಹಳ ತೆಳುವಾಗಿಸಿದ ದ್ರವದಲ್ಲಿ ಮಿಲಿಲೀಟರಿಗೆ ಒಂದು ಕೋಟಿ ಜೀವಕೋಶಗಳಂತೆ ಹೊಂದಿಸಿ. ಈ ಬ್ಯಾಕ್ಟೀರಿಯಾ ರೋಗಕಾರಕ. ಎರಡನೇ ಹಂತದ ಜೈವಿಕ ಸುರಕ್ಷತೆಯ ಕ್ಯಾಬಿನೆಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಪ್ರತಿ ಬಿಲ್ಲೆಯ ಮೇಲೆ 20 ಮೈಕ್ರೋಲೀಟರ್ ಹನಿ ಇಟ್ಟು, ಬಿಲ್ಲೆಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಪಾರದರ್ಶಕ ಪಾಲಿಪ್ರೊಪಿಲೀನ್ ಹಾಳೆಯನ್ನು ಮೇಲಿಂದ ಹೊದಿಸಿ. ಹೊದಿಸಿದ ಹಾಳೆಯಿಂದ ದ್ರವ ತೆಳುವಾಗಿ ಹರಡಿ, ಬ್ಯಾಕ್ಟೀರಿಯಾ ಮೇಲ್ಮೈಯನ್ನು ಮುಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದೂರ ಕೆಲಸ ಮಾಡುವ ಲೇಪನಕ್ಕೆ ಈ ಸ್ಪರ್ಶ ಅತ್ಯಗತ್ಯ. ಬಿಲ್ಲೆಗಳನ್ನು ಒದ್ದೆ ಸೋಸುಕಾಗದ ಹಾಸಿದ ಪೆಟ್ರಿ ತಟ್ಟೆಯಲ್ಲಿಟ್ಟು ಮುಚ್ಚಿ. ಕತ್ತಲೆಯ ಗುಂಪಿನ ತಟ್ಟೆಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ದೀಪದಡಿಯ ತಟ್ಟೆಗಳಷ್ಟೇ ಬಿಸಿ ತಾಗುವ ಜಾಗದಲ್ಲಿಡಿ.

ಬೆಳಕಿನ ತೀವ್ರತೆಯನ್ನು ಮಾಪಕದಿಂದಲೇ ಅಳೆಯಬೇಕು, ಅದೂ ತಟ್ಟೆಯ ಮುಚ್ಚಳ ಮತ್ತು ಪ್ಲಾಸ್ಟಿಕ್ ಹಾಳೆಯ ಕೆಳಗೆ; ಕೆಲವು ಪ್ಲಾಸ್ಟಿಕ್‌ಗಳು ನೇರಳಾತೀತ ಬೆಳಕಿನ ಒಂದು ಪಾಲನ್ನು ನುಂಗಿಬಿಡುತ್ತವೆ. ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್ ಬೆಳಕನ್ನು ಒಂದು ಗಂಟೆ ಬಿಟ್ಟರೆ ಒಟ್ಟು ಪ್ರಮಾಣ 3.6 ಜೂಲ್ ಆಗುತ್ತದೆ. ವರದಿಯಲ್ಲಿ ಗಂಟೆಗಳನ್ನು ಮಾತ್ರ ಬರೆಯದೆ ತರಂಗದೂರ, ತೀವ್ರತೆ, ಒಟ್ಟು ಪ್ರಮಾಣ ಮೂರನ್ನೂ ಬರೆಯಿರಿ. 254 ನ್ಯಾನೋಮೀಟರಿನ ದೀಪವನ್ನು ಇಲ್ಲಿ ಬಳಸಬೇಡಿ. ಅದು ಲೇಪನದ ನೆರವಿಲ್ಲದೆ ತಾನೇ ಡಿಎನ್‌ಎಯನ್ನು ಕೆಡಿಸಿ ಕೊಲ್ಲುತ್ತದೆ. ದೀಪ ಉರಿಯುವಾಗ ನೇರಳಾತೀತ ತಡೆಯುವ ಕನ್ನಡಕ ಧರಿಸಬೇಕು.

ಸಮಯ ಮುಗಿದ ಮೇಲೆ ಬಿಲ್ಲೆ ಮತ್ತು ಹಾಳೆ ಎರಡನ್ನೂ 2 ಮಿಲಿಲೀಟರ್ ದ್ರವದಲ್ಲಿ ಹಾಕಿ ಚೆನ್ನಾಗಿ ಅಲುಗಿಸಿ, ಹಂತಹಂತವಾಗಿ ಹತ್ತು ಪಟ್ಟು ತೆಳುವಾಗಿಸಿ, ಮೂಲ ದ್ರವದಿಂದಲೂ ಪ್ರತಿ ಹಂತದಿಂದಲೂ ಅಗಾರ್ ತಟ್ಟೆಗೆ 100 ಮೈಕ್ರೋಲೀಟರ್ ಹರಡಿ, 24 ಗಂಟೆಯ ನಂತರ ಕಾಲನಿಗಳನ್ನು ಎಣಿಸಿ. ಈಗ ಲೆಕ್ಕವನ್ನು ನೋಡಿ. ಆರಂಭದಲ್ಲಿ ಬಿಲ್ಲೆಯ ಮೇಲಿದ್ದದ್ದು 2 ಲಕ್ಷ ಜೀವಕೋಶಗಳು. ಕೊನೆಯಲ್ಲಿ, ತೆಳುವಾಗಿಸದ ಮೂಲ ದ್ರವ ಹರಡಿದ ತಟ್ಟೆಯ ಮೇಲೆ ಬಂದ ಒಂದು ಕಾಲನಿ ಬಿಲ್ಲೆಯ ಮೇಲಿನ 20 ಜೀವಕೋಶಗಳಿಗೆ ಸಮ, ಏಕೆಂದರೆ 2 ಮಿಲಿಲೀಟರಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲನ್ನು ಮಾತ್ರ ನೀವು ಹರಡಿದ್ದೀರಿ. ಅಂದರೆ ತಟ್ಟೆ ಖಾಲಿಯಾಗಿದ್ದರೂ ಹೇಳಬಹುದಾದದ್ದು 20ಕ್ಕಿಂತ ಕಡಿಮೆ ಉಳಿದಿವೆ ಎಂದಷ್ಟೆ. ಎರಡು ಲಕ್ಷದಿಂದ ಇಪ್ಪತ್ತಕ್ಕೆ ಇಳಿಯುವುದು ಹತ್ತು ಸಾವಿರ ಪಟ್ಟು ಇಳಿಕೆ, ಅದನ್ನು 4 ಲಾಗ್ ಎನ್ನುತ್ತೇವೆ. ಈ ವ್ಯವಸ್ಥೆಯಲ್ಲಿ ಅದಕ್ಕಿಂತ ಹೆಚ್ಚಿನ ಇಳಿಕೆಯನ್ನು ಯಾರೂ ಅಳೆಯಲಾರರು. ಬ್ಯಾಕ್ಟೀರಿಯಾ ಪೂರ್ತಿ ನಾಶವಾಯಿತು ಎಂದು ಬರೆಯಲು ನಮಗೆ ಅಧಿಕಾರವಿಲ್ಲ. ಹಾಗೆಯೇ ಶೇಕಡಾ 99 ಎಂಬ ಸಂಖ್ಯೆಯನ್ನು ನೋಡಿ ಹಿಗ್ಗಬೇಡಿ. ಎರಡು ಲಕ್ಷದಲ್ಲಿ ಶೇಕಡಾ 99 ಸತ್ತರೂ 2,000 ಉಳಿದಿರುತ್ತವೆ, ಮತ್ತು ಉಳಿದವು ಬೆಳೆಯುತ್ತವೆ.

ಲೇಪನದ ಕೀರ್ತಿಯನ್ನು ಹೀಗೆ ಲೆಕ್ಕ ಹಾಕಿ. ಬೆಳಕಿನಲ್ಲಿ ಬರಿಯ ಲೋಹಕ್ಕೂ ಲೇಪನಕ್ಕೂ ಇರುವ ಲಾಗ್ ವ್ಯತ್ಯಾಸದಿಂದ, ಕತ್ತಲೆಯಲ್ಲಿ ಅವೆರಡಕ್ಕೂ ಇರುವ ಲಾಗ್ ವ್ಯತ್ಯಾಸವನ್ನು ಕಳೆಯಿರಿ. ಉಳಿದದ್ದು ಮಾತ್ರ ಬೆಳಕು ಮತ್ತು ಲೇಪನ ಸೇರಿ ಮಾಡಿದ ಕೆಲಸ. ಕತ್ತಲೆಯಲ್ಲೂ ಲೇಪನ ಕೊಲ್ಲುತ್ತಿದ್ದರೆ ಸಂಶಯಪಡಿ; ಪದರದಲ್ಲಿ ಉಳಿದ ಯಾವುದೋ ರಾಸಾಯನಿಕ ಸೋರುತ್ತಿರಬಹುದು. ಬಳಸಿದ ಎಲ್ಲವನ್ನೂ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ನಿರ್ಜೀವಗೊಳಿಸಿಯೇ ಹೊರಹಾಕಬೇಕು.

ಈ ಹಂತ ದಾಟಿದರೆ ಇದೇ ಪ್ರಯೋಗವನ್ನು ರಕ್ತಸಾರ ಅಥವಾ ಜೊಲ್ಲು ಬೆರೆಸಿದ ದ್ರವದಲ್ಲಿ ಮತ್ತೆ ಮಾಡಿ. ಪ್ರೋಟೀನುಗಳು ಮೇಲ್ಮೈಯನ್ನು ಮುಚ್ಚಿ ರ್ಯಾಡಿಕಲ್‌ಗಳನ್ನು ತಾವೇ ಬಳಸಿಕೊಳ್ಳುವುದರಿಂದ ಫಲಿತಾಂಶ ಇಳಿಯುತ್ತದೆ. ಆ ಇಳಿದ ಸಂಖ್ಯೆಯೇ ಬಾಯಿಯೊಳಗಿನ ವಾಸ್ತವಕ್ಕೆ ಹತ್ತಿರವಾದದ್ದು, ಅದನ್ನು ಮುಚ್ಚಿಡಬಾರದು.

ಸಿಲಿಕೋನ್ ಸಾಧನವಾದರೆ

ಮೂತ್ರನಾಳದ ಕ್ಯಾಥೆಟರಿನಂಥ ಸಿಲಿಕೋನ್ ಸಾಧನಗಳನ್ನು 450 ಡಿಗ್ರಿಗೆ ಕಾಯಿಸುವಂತಿಲ್ಲ. ಅಲ್ಲಿ ಬಣ್ಣದ ಅಣುಗಳನ್ನು ಬಳಸುತ್ತಾರೆ. ಅಸಿಟೋನ್ ಬೆರೆತ ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಸಿಲಿಕೋನ್ ತುಂಡನ್ನು ಒಂದು ದಿನ ನೆನೆಸಿದರೆ ಅದು ಉಬ್ಬಿ ಬಣ್ಣವನ್ನು ಒಳಗೆಳೆದುಕೊಳ್ಳುತ್ತದೆ. ಒಣಗಿದಾಗ ಕುಗ್ಗಿ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. 660 ನ್ಯಾನೋಮೀಟರಿನ ಆಸುಪಾಸಿನ ಕೆಂಪು ಬೆಳಕಿಗೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಸಿಂಗ್ಲೆಟ್ ಆಮ್ಲಜನಕ ಎಂಬ ಚುರುಕು ಆಮ್ಲಜನಕವನ್ನು ಹುಟ್ಟಿಸುತ್ತದೆ. ಇಲ್ಲಿ ಎರಡು ತೊಂದರೆಗಳನ್ನು ಅಳೆಯಲೇಬೇಕು. ತುಂಡನ್ನು 37 ಡಿಗ್ರಿಯ ಲವಣದ್ರಾವಣದಲ್ಲಿ ದಿನಗಟ್ಟಲೆ ಇಟ್ಟು ಬಣ್ಣ ಸೋರುತ್ತದೆಯೇ ಎಂದು 664 ನ್ಯಾನೋಮೀಟರಿನಲ್ಲಿ ನೋಡಬೇಕು. ಬೆಳಕಿಗೆ ಬಣ್ಣವೇ ಮಾಸಿಹೋಗುವ ಸ್ವಭಾವದ್ದಾದ್ದರಿಂದ, ಅದೇ ತುಂಡಿನಲ್ಲಿ ನಾಲ್ಕೈದು ಸಲ ಪರೀಕ್ಷೆ ಮಾಡಿ ಶಕ್ತಿ ಎಷ್ಟು ಕುಂದಿತೆಂದು ದಾಖಲಿಸಬೇಕು.

ಜೀವಕೋಶಗಳ ಪರೀಕ್ಷೆ, ಅನುಮತಿ, ಶೇಖರಣೆ

ಬ್ಯಾಕ್ಟೀರಿಯಾವನ್ನು ಕೊಲ್ಲುವ ರ್ಯಾಡಿಕಲ್‌ಗಳಿಗೆ ನಮ್ಮ ಜೀವಕೋಶಗಳ ಮೇಲೆ ಪ್ರೀತಿಯೇನೂ ಇಲ್ಲ. ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಯ ಮಾನದಂಡವಾದ ಐಎಸ್‌ಒ 10993ರ 5ನೇ ಭಾಗದ ಪ್ರಕಾರ ಲೇಪಿತ ಬಿಲ್ಲೆಯನ್ನು ನೆನೆಸಿಟ್ಟು ತೆಗೆದ ಸಾರವನ್ನು ಎಲ್929 ಎಂಬ ಇಲಿಯ ಜೀವಕೋಶಗಳಿಗೆ ಹಾಕಿ, ಬದುಕುಳಿದವು ಶೇಕಡಾ 70ಕ್ಕಿಂತ ಕಡಿಮೆಯಾದರೆ ವಸ್ತುವಿನಲ್ಲಿ ವಿಷಗುಣದ ಸಾಧ್ಯತೆ ಇದೆಯೆಂದು ತಿಳಿಯಬೇಕು. ಅಷ್ಟಕ್ಕೇ ನಿಲ್ಲಿಸದೆ, ಬ್ಯಾಕ್ಟೀರಿಯಾಕ್ಕೆ ಬಿಟ್ಟಷ್ಟೇ ಬೆಳಕನ್ನು ಬಿಲ್ಲೆಯ ಮೇಲೆ ಬೆಳೆಯುತ್ತಿರುವ ಜೀವಕೋಶಗಳಿಗೂ ಬಿಟ್ಟು ನೋಡಿ. ಭಾರತದಲ್ಲಿ ಇಂಥ ಸಾಧನ ರೋಗಿಗೆ ತಲುಪಬೇಕಾದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಪರವಾನಗಿ ಬೇಕು. ಪ್ರಾಣಿಗಳ ಅಥವಾ ಮನುಷ್ಯರ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಇರಬೇಕು.

ಲೇಪಿಸಿದ ಬಿಲ್ಲೆಗಳಲ್ಲಿ ಆರನ್ನು ಬಳಸದೆ ಉಳಿಸಿಕೊಳ್ಳಿ. ಮೂರನ್ನು ಮುಚ್ಚಳವಿಲ್ಲದ ತಟ್ಟೆಯಲ್ಲಿ ಕಪಾಟಿನೊಳಗೆ, ಇನ್ನು ಮೂರನ್ನು ಅಯಾನುರಹಿತ ನೀರು ತುಂಬಿದ ಸೀಸೆಯಲ್ಲಿ ಇಟ್ಟು, ಸೀಸೆಯ ಮೇಲೆ ಲೇಪಿಸಿದ ದಿನಾಂಕವನ್ನು ಬರೆಯಿರಿ. ಒಂದು ತಿಂಗಳ ನಂತರ ಎರಡೂ ಗುಂಪಿನ ಬಿಲ್ಲೆಗಳನ್ನು ಒಣಗಿಸಿ ಒಂದೊಂದು ಹನಿ ನೀರು ಬಿಡಿ. ಗಾಳಿಯಲ್ಲಿದ್ದ ಬಿಲ್ಲೆಯ ಮೇಲೆ ಹನಿ ಮತ್ತೆ ಉಬ್ಬಿ ನಿಂತರೆ, ಟೈಟಾನಿಯಂ ಮೇಲ್ಮೈ ಹಳತಾಗುವುದು ಎಂದರೇನೆಂಬುದು ಕಣ್ಣೆದುರಿಗೇ ಇರುತ್ತದೆ. ಅದನ್ನು ದೀಪದಡಿ ಇಟ್ಟು, ಹನಿ ಪೂರ್ತಿ ಹರಡಲು ಹಿಡಿದ ಸಮಯವನ್ನು ಬರೆದುಕೊಳ್ಳಿ. ಇಂಪ್ಲಾಂಟನ್ನು ಕೂರಿಸುವ ಮುಂಚೆ ಎಷ್ಟು ಹೊತ್ತು ಬೆಳಕಿನಲ್ಲಿಡಬೇಕು ಎಂಬ ಮುಂದಿನ ಪ್ರಯೋಗವನ್ನು ಆ ಸಂಖ್ಯೆಯಿಂದಲೇ ಆರಂಭಿಸಬೇಕು.